ಅಕ್ಕನ ಒಳಗಿನ ಜಾಲರಿ

ಇಲ್ಲಿ ಬರೆಯುತ್ತಿರುವುದರಲ್ಲಿ ಒಂದು ಸಂಗತಿ ನಿಜವೋ ಅಲ್ಲವೋ ಎಂಬುದು ಬಹಳ ದಿನ ನನಗೆ ಗೊತ್ತಿರಲಿಲ್ಲ. ಉಳಿದದ್ದಕ್ಕೆಲ್ಲ ಕಾಗದವಿದೆ, ಇಲ್ಲವೇ ಇನ್ನೊಬ್ಬರ ಬಾಯಿಮಾತಿದೆ. ಇದಕ್ಕೆ ನನ್ನ ನೆನಪು ಮಾತ್ರ.

ನೆನಪು ಇಷ್ಟು. ಚಾಮರಾಜನಗರದ ಒಂದು ನರ್ಸಿಂಗ್ ಹೋಮ್. ಗುರುವಾರ, ಬೆಳಗಿನ ಹೊತ್ತು. ಸರ್ಜನ್ ಮೇಜಿನ ಆಚೆ, ನಾನು ಈಚೆ. ನನ್ನ ಎಡಗಡೆ ಕಂದು ಬಣ್ಣದ ಸ್ಟೂಲಿನ ಮೇಲೆ ಅಕ್ಕ. ಸರ್ಜನ್ ಒಂದು ಪ್ರಶ್ನೆ ಕೇಳುತ್ತಾರೆ. ನಾನು ಅಕ್ಕನ ಕಡೆ ತಿರುಗುತ್ತೇನೆ. ಅಕ್ಕ ಹೂಂ ಎನ್ನುವ ಹಾಗೆ ತಲೆಯಾಡಿಸುತ್ತಾಳೆ. ನಾನು ಉತ್ತರ ಹೇಳುತ್ತೇನೆ, ಸಹಿ ಮಾಡುತ್ತೇನೆ.

ಅವಳ ಹಸಿರು ಬಳೆ ಕೂಡ ನೆನಪಿದೆ.

ನಾನು ಕೆಮಿಸ್ಟ್ರಿ ಎಂ.ಎಸ್ಸಿ. ಓದಿದವನು. ಚಾಮರಾಜನಗರದ ಪಿಯು ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಕಣ್ಣಾರೆ ಕಂಡ ರೀಡಿಂಗನ್ನೂ ಇನ್ನೊಮ್ಮೆ ನೋಡಿ ಬರೆಯಿರಿ ಎಂದು ವಿದ್ಯಾರ್ಥಿಗಳ ತಲೆ ತಿನ್ನುವವನು. ದೇವರನ್ನು, ಜ್ಯೋತಿಷ್ಯವನ್ನು, ವಾಟ್ಸಾಪಿನಲ್ಲಿ ಬರುವ ಮನೆಮದ್ದನ್ನು ಎಲ್ಲ ಅನುಮಾನಿಸಿದ್ದೇನೆ. ಅಕ್ಕ ತಲೆಯಾಡಿಸಿದಳು ಎಂಬುದನ್ನು ಎರಡು ವರ್ಷ ಅನುಮಾನಿಸಲಿಲ್ಲ.

ಕಾಯಿಲೆ ಶುರುವಾದದ್ದು ಯಾವಾಗ ಎಂದು ಹೇಳುವುದೂ ಕಷ್ಟ. ನಮಗೆ ಗೊತ್ತಾದದ್ದು ಒಂದು ಜುಲೈ ತಿಂಗಳಲ್ಲಿ. ಅಕ್ಕ ಮಂಗಳಮ್ಮ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಗುಂಡ್ಲುಪೇಟೆಯ ಹತ್ತಿರದ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದವಳು ನಡುವೆಯೇ ನಿಂತುಬಿಟ್ಟಳಂತೆ. ಪಾತ್ರೆಯನ್ನು ಬಿಡಲೂ ಇಲ್ಲ, ಇಳಿಸಲೂ ಇಲ್ಲ. ಜೊತೆಯವಳು ಬಂದು ಹಿಡಿದುಕೊಂಡಳು. ಆಮೇಲೆ ಅಕ್ಕ ಗೋಡೆಗೆ ಒರಗಿ, ಸೀರೆಯ ನೆರಿಗೆಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು, ಅರ್ಧ ಗಂಟೆ ಕೂತಿದ್ದಳು.

ನನಗೆ ಫೋನ್ ಮಾಡಿದ್ದು ಅವಳ ಮಗಳು ಶಿಲ್ಪಾ. ಬದನಗುಪ್ಪೆಯ ಬಟ್ಟೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಮಾತು ನೇರ. ಅವ್ವನ ಗರ್ಭಕೋಶ ಕೆಳಗೆ ಜಾರಿ ಹೊರಗೆ ಬರುತ್ತದೆ, ಅದನ್ನು ಕೈಯಲ್ಲೇ ಒಳಗೆ ತಳ್ಳಿ, ಹಳೆ ಸೀರೆಯ ಚೂರನ್ನು ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ.

ಹನ್ನೊಂದು ವರ್ಷ.

ನಾನು ಆ ಮನೆಗೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಅವಳು ಬಡಿಸಿದ್ದನ್ನು ಉಂಡು ಬರುತ್ತಿದ್ದೆ. ನೀರಿನ ಕೊಡ ಸೊಂಟಕ್ಕೆ ಏರಿಸುವಾಗ ಅವಳು ಒಂದು ಕ್ಷಣ ಉಸಿರು ಹಿಡಿಯುವುದನ್ನು ಕಂಡಿದ್ದೇನೆ ಎಂದು ಈಗ ಅನ್ನಿಸುತ್ತದೆ. ಅದನ್ನೂ ಆಮೇಲೆ ಕಟ್ಟಿಕೊಂಡಿರಬಹುದು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅಕ್ಕ ನಕ್ಕಳು. "ಅದನ್ನೆಲ್ಲ ತಮ್ಮುನ್ ತಾವ ಹೇಳಕ್ಕಾದದ? ನೀನೊಬ್ಬ ಸರಿ ಕಣ್ಲಾ."

ಸರ್ಜನ್ ಮೈಸೂರಿನಿಂದ ಗುರುವಾರ ಗುರುವಾರ ಬರುತ್ತಿದ್ದರು. ಒಳ್ಳೆಯ ಹೆಸರಿತ್ತು. ಮರ್ಯಾದಸ್ಥರು. ನಾನು ಲೆಕ್ಚರರ್ ಎಂದು ಗೊತ್ತಾದ ಕೂಡಲೇ ಸರ್ ಎಂದು ಕರೆಯಲು ಶುರು ಮಾಡಿದರು. ಅಲ್ಲಿಂದ ಎಲ್ಲ ಮಾತೂ ನನ್ನ ಜೊತೆಯೇ ನಡೆಯಿತು. ಅಕ್ಕನಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಹೆರಿಗೆ ಎಂದು. ಮೂರು ಎಂದಳು. ಉಳಿದದ್ದು ಒಬ್ಬಳೇ ಎಂದು ಸೇರಿಸಿದಳು. ಅದನ್ನು ಅವರು ಬರೆದುಕೊಳ್ಳಲಿಲ್ಲ.

ಸಡಿಲವಾದ ಜಾಗಕ್ಕೆ ಆಧಾರವಾಗಿ ಮೆಶ್ ಹಾಕಬೇಕು ಎಂದರು. ಮೆಶ್ ಎಂದರೆ ಸಣ್ಣ ಕಣ್ಣಿನ ಜಾಲರಿ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎರಡು ಥರ ಇದೆ, ಸರ್. ಒಂದು ಸಿಂಥೆಟಿಕ್, ಪಾಲಿಪ್ರೊಪಿಲೀನ್ ದಾರದ್ದು, ಜೀವಮಾನ ಇರುತ್ತದೆ. ಇನ್ನೊಂದು ಬಯೋಲಾಜಿಕ್. ಪ್ರಾಣಿಯ ಚರ್ಮವನ್ನು ಶುದ್ಧ ಮಾಡಿ ತಯಾರಿಸಿದ್ದು, ಮೈಯ ಜೊತೆ ನಿಧಾನವಾಗಿ ಬೆರೆಯುತ್ತದೆ, ಆದರೆ ಅಷ್ಟು ದಿನ ತಡೆಯುತ್ತದೋ ಇಲ್ಲವೋ ಹೇಳಲಾಗದು, ತರಿಸಲು ಎರಡು ವಾರ ಬೇಕು. ಇಷ್ಟು ಹೇಳಿ ಪೆನ್ನು ಕೆಳಗಿಟ್ಟರು.

"ಹಂದಿದು, ಇಲ್ಲಾಂದ್ರೆ ದನದ್ದು. ನಿಮ್ಮಲ್ಲಿ ನಡೆಯುತ್ತಾ?"

ನಿಮ್ಮಲ್ಲಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಅಕ್ಕನ ಹಣೆಯ ವಿಭೂತಿಯನ್ನು, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯನ್ನು ಅವರು ನೋಡಿದ್ದರು. ಅದರೊಳಗೆ ಅವಳ ಇಷ್ಟಲಿಂಗ. ಹುಟ್ಟಿದ ದಿನದಿಂದ ಮೈಮೇಲಿರುವುದು.

"ನಡೆಯಲ್ಲ ಡಾಕ್ಟ್ರೇ. ನಾವು ಲಿಂಗಾಯತರು," ಎಂದೆ.

ಆ 'ನಾವು' ಈಗಲೂ ನನ್ನ ಕಿವಿಯಲ್ಲಿದೆ. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮೊದಲ ವರ್ಷವೇ ಹಾಸ್ಟೆಲಿನಲ್ಲಿ ಲಿಂಗ ತೆಗೆದು ತಗಡಿನ ಡಬ್ಬಿಗೆ ಹಾಕಿದವನು. ಕೋಳಿ, ಕುರಿ, ಮೀನು ಎಲ್ಲ ತಿನ್ನುವವನು. ಜಾತಿ ಕೇಳುವ ಫಾರಂಗಳಲ್ಲಿ ಗೀಟು ಎಳೆದು ವಾದ ಮಾಡುವವನು. ಆ ಕೋಣೆಯಲ್ಲಿ ಮಾತ್ರ ಅರೆಕ್ಷಣದಲ್ಲಿ 'ನಾವು' ಆಗಿಬಿಟ್ಟೆ.

ಅಷ್ಟಕ್ಕೆ ನಿಲ್ಲಲಿಲ್ಲ. ಪಾಲಿಪ್ರೊಪಿಲೀನ್ ನನ್ನ ಪಾಠದಲ್ಲಿ ಬರುತ್ತದೆ. ಬಕೆಟ್ಟು, ಕುರ್ಚಿ, ಗೊಬ್ಬರದ ಚೀಲ. ಆಸಿಡ್ಡಿಗೂ ಜಗ್ಗದ ವಸ್ತು, ಪೂರ್ತಿ ಇನರ್ಟ್ ಎಂದು ಸರ್ಜನ್‌ಗೇ ವಿವರಿಸಿದೆ. ಅವರಿಗೆ ಸಂತೋಷವಾಯಿತು. ಸರ್‌ಗೆ ನಮಗಿಂತ ಚೆನ್ನಾಗಿ ಗೊತ್ತಲ್ಲ ಎಂದರು. ನನಗೂ ಸಂತೋಷವಾಯಿತು.

ಕನ್ಸೆಂಟ್ ಫಾರ್ಮಿನಲ್ಲಿ ಎರಡು ಸಹಿ ಬೇಕಿತ್ತು. ರೋಗಿಯದು, ಜೊತೆಗಾರರದು. ನಾನು ನನ್ನದನ್ನು ಅಲ್ಲೇ ಹಾಕಿದೆ. ಅಕ್ಕನ ಸಹಿಯನ್ನು ಆಪರೇಶನ್ ದಿನ ವಾರ್ಡಿನಲ್ಲಿ ನರ್ಸ್ ಬಂದು ಹಾಕಿಸಿಕೊಂಡಳು. ಎಲ್ಲಿ ಎಂದರೆ ಅಲ್ಲಿ, ಮಂಗಳಮ್ಮ ಎಂದು ಒಂದೊಂದೇ ಅಕ್ಷರ ಒತ್ತಿ ಬರೆದಳು. ಅದರಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ. ನಾನು ಓದಿದ್ದೆನಲ್ಲ.

ಮೂರು ತಿಂಗಳು ಚೆನ್ನಾಗಿದ್ದಳು. ಕಟ್ಟಿಕೊಳ್ಳುತ್ತಿದ್ದ ಬಟ್ಟೆಯ ಚೂರನ್ನು ಒಲೆಗೆ ಹಾಕಿದೆ ಎಂದು ಶಿಲ್ಪಾಳ ಹತ್ತಿರ ಹೇಳಿ ನಕ್ಕಳಂತೆ. ತಮ್ಮ ಓದಿದ್ದಕ್ಕೂ ಸಾರ್ಥಕವಾಯಿತು ಎಂದು ಊರಿನವರು ಅಂದರು. ನಾನು ಬೇಡ ಬೇಡ ಎನ್ನುತ್ತ ಅದನ್ನು ಕೇಳಿಸಿಕೊಂಡೆ.

ಆಮೇಲೆ ಕೂರುವುದು ಹೋಯಿತು.

ಅಕ್ಕ ಬೆಳಿಗ್ಗೆ ಸ್ನಾನ ಮಾಡಿ, ಚಕ್ಕಳಮಕ್ಕಳ ಹಾಕಿ ಕೂತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುವವಳು. ಹದಿನೈದು ಇಪ್ಪತ್ತು ನಿಮಿಷ. ನನ್ನ ಬಾಲ್ಯದ ಬೆಳಗುಗಳೆಲ್ಲ ಅವಳ ಆ ಬೆನ್ನು. ಆಗ ಮಾತಾಡಿಸಿದರೆ ಏಟು ಬೀಳುತ್ತಿತ್ತು. ಈಗ ಎರಡು ನಿಮಿಷಕ್ಕೆ ಏಳುತ್ತಾಳೆ ಎಂದು ಶಿಲ್ಪಾ ಹೇಳಿದಳು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂರತೊಡಗಿದಳು. ಆಮೇಲೆ ಗೋಡೆಗೆ ಒರಗಿ ನಿಂತುಕೊಂಡೇ ಪೂಜೆ. ನಾನು ಮಂಡಿನೋವು ಎಂದುಕೊಂಡೆ. ವಯಸ್ಸಾಯಿತಲ್ಲ ಎಂದೆ. ಹಾಗೆ ಹೇಳಿದ್ದು ನೆನಪಿದೆ. ಇದು ನೆನಪಿಲ್ಲದಿದ್ದರೆ ಒಳ್ಳೆಯದಿತ್ತು.

ಕೆಳಹೊಟ್ಟೆ ನೋವು, ತೊಡೆಯ ಒಳಗೆ ಎಳೆತ, ವಾಸನೆಯ ಡಿಸ್ಚಾರ್ಜ್, ಆಗಾಗ ರಕ್ತದ ಕಲೆ. ಮುಟ್ಟು ನಿಂತು ಏಳು ವರ್ಷವಾದವಳಿಗೆ ರಕ್ತ. ಗುರುವಾರ ಕರೆದುಕೊಂಡು ಹೋದೆ. ಹೀಲಿಂಗ್ ಆಗ್ತಿದೆ ಎಂದು ಕ್ರೀಮ್ ಬರೆದರು. ಎರಡು ತಿಂಗಳು ಬಿಟ್ಟು ಮತ್ತೆ ಹೋದೆವು. ಯೂರಿನ್ ಇನ್‌ಫೆಕ್ಷನ್ ಎಂದು ಆಂಟಿಬಯಾಟಿಕ್ ಕೊಟ್ಟರು. ಮೂರನೆಯ ಸಲ ಅವರು ಅಕ್ಕನ ಮುಖವನ್ನೂ ನೋಡಲಿಲ್ಲ. ಮಗಳಿಗೆ ಮದುವೆಯಾಗಿಲ್ಲವಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ.

"ಅದೇ ಸರ್. ಟೆನ್ಶನ್."

ಮೂರು ಸಲದಲ್ಲಿ ಒಂದು ಸಲವೂ ಅವಳನ್ನು ಟೇಬಲ್ ಮೇಲೆ ಮಲಗಿಸಿ ಪರೀಕ್ಷೆ ಮಾಡಲಿಲ್ಲ. ನಾನೂ ಮಾಡಿ ಎನ್ನಲಿಲ್ಲ. ಹೊರಗೆ ಬಂದ ಮೇಲೆ ಅಕ್ಕ ಕಾರಿಡಾರಿನಲ್ಲಿ ನಿಂತು, ಇವರು ಉದ್ದಕ್ಕೂ ಕುರ್ಚಿ ಹಾಕವ್ರ, ನಾನೊಬ್ಬಳು ಕೂರಂಗಿಲ್ಲ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಆಗ ಬರಬೇಕಿತ್ತು.

ಕೊನೆಗೆ ಇದನ್ನು ಕಂಡುಹಿಡಿದವರು ಭಾವ.

ಭಾವ ಶಿವಣ್ಣ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದವರು ತಿಂಗಳಿಗೊಮ್ಮೆ ಬರತೊಡಗಿದ್ದರು, ಆಮೇಲೆ ಅದೂ ಇಲ್ಲ. ಅಕ್ಕ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಶಿಲ್ಪಾಳ ಹತ್ತಿರ ಮಾತ್ರ, ನಿಮ್ಮಪ್ಪನಿಗೆ ನನ್ನ ಕಂಡರೆ ಹೇಸಿಗೆ ಆಗಿರಬೇಕು, ವಾಸನೆ ಬರ್ತದಲ್ಲ ಎಂದಿದ್ದಳು. ಒಂದು ಭಾನುವಾರ ಭಾವ ನನಗೆ ಫೋನ್ ಮಾಡಿ ಚೆಕ್‌ಪೋಸ್ಟಿನ ಹತ್ತಿರ ಬಾ ಎಂದರು. ಟೀ ಕುಡಿಸಿದರು. ಅರ್ಧ ಗಂಟೆ ಆನೆಯ ವಿಚಾರ ಮಾತಾಡಿದರು. ಯಾವ ಒಂಟಿ ಸಲಗ ಎಲ್ಲಿ ಕಬ್ಬಿನ ಲಾರಿ ತಡೆಯಿತು, ಡ್ರೈವರ್ ಎಷ್ಟು ಕಟ್ಟು ಎಸೆದ, ಎಲ್ಲ. ಹೊರಡುತ್ತೇನೆ ಎಂದು ನಾನು ಎದ್ದಾಗ ರಸ್ತೆಯ ಕಡೆ ಮುಖ ಮಾಡಿ ಹೇಳಿದರು.

"ಮಾದೇವ, ಒಳಗ ಏನೋ ತಂತಿ ಇದ್ದಂಗದ ಕಣ. ಚುಚ್ತದ. ನಂಗೇ ಚುಚ್ತದ ಅಂದ್ಮ್ಯಾಲ ಅವಳ್ಗ ಎಂಗಿರ್ಬೇಡ. ಅದ್ಕೇ ನಾನು ಮನಗ ಓಗ್ತಿಲ್ಲ."

ಅರವತ್ತು ಹತ್ತಿರವಾದ ಮನುಷ್ಯ. ಇದನ್ನು ಹೆಂಡತಿಯ ತಮ್ಮನಿಗೆ ಹೇಳಲು ಎಷ್ಟು ದಿನ ಹೆಣಗಿದರೋ. ಸರ್ಜನ್ ಹದಿನಾಲ್ಕು ತಿಂಗಳಲ್ಲಿ ಹಿಡಿಯದ್ದನ್ನು ಅವರು ಹಿಡಿದಿದ್ದರು. ನಾನು ಅವರ ಕೈ ಹಿಡಿದುಕೊಳ್ಳಬೇಕಿತ್ತು. ನಾಳೆಯೇ ಮೈಸೂರಿಗೆ ಹೋಗೋಣ ಎಂದಷ್ಟೇ ಹೇಳಿದೆ.

ಮೈಸೂರಿನಲ್ಲಿ ನೋಡಿದವರು ಒಬ್ಬ ಲೇಡಿ ಡಾಕ್ಟರ್. ಮಾತು ಕಡಿಮೆ, ಸ್ವಲ್ಪ ಒರಟು. ಪರೀಕ್ಷೆ ಮುಗಿಸಿ ಗ್ಲೌಸ್ ಬಿಚ್ಚುತ್ತ ಬಂದು ಅಕ್ಕನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ನನ್ನ ಕಡೆಗೆ ಅವರ ಬೆನ್ನಿತ್ತು. ಮೆಶ್ ಒಳಗೆ ಗಟ್ಟಿಯಾಗಿ ಮುದುಡಿಕೊಂಡಿದೆ, ಅದರ ಅಂಚು ಯೋನಿಯ ಗೋಡೆಯನ್ನು ಕೊರೆದು ಹೊರಗೆ ಬಂದಿದೆ, ಹೆಬ್ಬೆರಳಿನ ಉಗುರಿನಷ್ಟು ಬೆರಳಿಗೆ ಸಿಗುತ್ತದೆ ಎಂದರು. ಅಕ್ಕ ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

ತೆಗೆಯಬೇಕು. ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾಗದು, ಮಾಂಸ ಅದರ ಕಣ್ಣುಕಣ್ಣಿನಲ್ಲೂ ಬೆಳೆದಿರುತ್ತದೆ. ತೆಗೆದ ಮೇಲೆ ಮತ್ತೆ ಜಾರದ ಹಾಗೆ ಏನಾದರೂ ಮಾಡಬೇಕು. ಬಯೋಲಾಜಿಕ್ ಎಂದು ಪ್ರಾಣಿಯ ಚರ್ಮದ್ದು ಇದೆ, ಅದು ಕರಗಿ ಹೋದರೆ ಮತ್ತೆ ಜಾರಬಹುದು. ಏನನ್ನೂ ಹಾಕದೆ ನಿಮ್ಮ ಮೈಯದನ್ನೇ ಎಳೆದು ಹೊಲಿಯಬಹುದು, ಅದೂ ಸಡಿಲವಾಗಬಹುದು, ಆದರೆ ಚುಚ್ಚುವುದಿಲ್ಲ. ಯೋಚನೆ ಮಾಡಿ ಎಂದರು.

ಹಿಂದಿನಿಂದ ನಾನು ಬಾಯಿ ಹಾಕಿದೆ. ಪ್ರಾಣಿದು ಅವರಿಗೆ ಆಗಲ್ಲ ಮೇಡಂ ಎಂದೆ.

"ನೀ ಸುಮ್ನಿರಪ್ಪ ಮಾದೇವ," ಅಕ್ಕ ಅಂದಳು. ಆಮೇಲೆ ಡಾಕ್ಟರನ್ನು ಕೇಳಿದಳು, "ಇದು ಆವತ್ತೂ ಇತ್ತಾ? ಈ ಚರ್ಮದ್ದು, ಈ ಹೊಲ್ಯದು?"

ಎರಡೂ ಇತ್ತು ಎಂದರು ಡಾಕ್ಟರ್.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಅದೇ ಶಿಕ್ಷೆ ಎಂದುಕೊಂಡೆ. ಆದರೆ ಬಸ್ಸಿನಲ್ಲಿ, ನಂಜನಗೂಡು ದಾಟಿದ ಮೇಲೆ, ಮುಂದಿನ ಸೀಟಿನ ಕಂಬಿ ಹಿಡಿದು ನಿಂತೇ ಇದ್ದವಳು ಶುರು ಮಾಡಿದಳು. ಸೀಟು ಖಾಲಿ ಇತ್ತು. ಕೂರಲಾಗದೆ ನಿಂತಿದ್ದಳು. ಅದಕ್ಕೇ ಆ ಮಾತುಗಳೆಲ್ಲ ಮೇಲಿನಿಂದ ನನ್ನ ತಲೆಯ ಮೇಲೆ ಬಿದ್ದವು.

"ನೀನು ಲಿಂಗ ಡಬ್ಬೀಲಿಟ್ಟು ಇಪ್ಪತ್ತೈದು ವರ್ಷ ಆಯ್ತು. ನನ್ ಲಿಂಗದ್ ಮ್ಯಾಲ ನಿಂಗ ಯಾವತ್ತಿಂದ ಬಂತು ಕಾಳಜಿ?"

ನೀನು ತಲೆಯಾಡಿಸಿದೆಯಲ್ಲ ಅಕ್ಕ ಎಂದೆ.

"ನಾನ್ ಯಾವಾಗ ಆಡ್ಸ್ದೆ? ಮೂರು ವರ್ಷದಿಂದ ಇಸ್ಕೂಲಲ್ಲಿ ಮೊಟ್ಟ ಬೇಯ್ಸ್ತಾ ಇವ್ನಿ. ದಿನಾ ಇನ್ನೂರ್ ಮೊಟ್ಟ. ಮೊದಲ್ನೇ ದಿನ ವಾಂತಿ ಮಾಡ್ಕಂಡೆ. ಎರಡ್ನೇ ದಿನ ಮೂಗ್ ಕಟ್ಕಂಡೆ. ಮೂರ್ನೇ ದಿನ ಒಂದು ಹೆಣ್ ಕೂಸು ಬಂದು ಇನ್ನೊಂದ್ ಕೊಡಜ್ಜಿ ಅಂತು, ಕೊಟ್ಟೆ. ಕೈ ತೊಳ್ಕಂಡು ಬಂದು ಲಿಂಗ ಮುಟ್ತೀನಿ. ಲಿಂಗ ಏನೂ ಅನ್ನಲ್ಲ. ನೀನ್ ಅಂದ್ಬುಟ್ಟೆ."

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಶಾಲೆಯಲ್ಲಿ ಮೊಟ್ಟೆ ಬಂದಾಗ ಊರಿನ ನಮ್ಮವರು ಗಲಾಟೆ ಮಾಡಿದ್ದು, ಲಿಂಗಾಯತ ಹೆಂಗಸು ಮೊಟ್ಟೆ ಬೇಯಿಸುವುದಾದರೆ ಮನೆಗೆ ಕರೆಯುವುದಿಲ್ಲ ಎಂದಿದ್ದು, ಅಕ್ಕ ಕೆಲಸ ಬಿಡದೆ ನಿಂತದ್ದು, ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದು ಎಲ್ಲ ನಿಜ. ಆದರೂ ಆ ಗುರುವಾರ ಅವಳ ಭಕ್ತಿ ಎಂದರೆ ಹೀಗೇ ಇರಬೇಕು ಎಂದು ನಾನೇ ತೀರ್ಮಾನಿಸಿದೆ. ನಂಬದವನಿಗೆ ನಂಬುವವರ ಬಗ್ಗೆ ಇರುವ ಧೈರ್ಯ ದೊಡ್ಡದು. ನಂಬುವವರು ತಮ್ಮ ದೇವರ ಜೊತೆ ದಿನವೂ ಮಾತಾಡಿಕೊಂಡು, ಚೌಕಾಶಿ ಮಾಡಿಕೊಂಡು, ಸ್ವಲ್ಪ ಅತ್ತ ಸ್ವಲ್ಪ ಇತ್ತ ಸರಿದು ಬದುಕುತ್ತಾರೆ. ನಾನು ದೂರದಲ್ಲಿ ನಿಂತು ಅವರನ್ನು ಪಠ್ಯಪುಸ್ತಕದ ಹಾಗೆ ಓದುತ್ತೇನೆ.

ಹಾಗಾದರೆ ಚರ್ಮದ್ದು ಹಾಕಿಸಿಕೊಳ್ಳುತ್ತಿದ್ದೆಯಾ ಎಂದು ಕೇಳಿದೆ. ಬಸ್ಸು ಗುಂಡ್ಲುಪೇಟೆ ಸ್ಟ್ಯಾಂಡಿಗೆ ತಿರುಗುತ್ತಿತ್ತು.

"ಹಾಕಿಸ್ಕತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ. ಕೇಳ್ಬೇಕಾಗಿತ್ತು ಕಣ."

ಆ ವಾರದಿಂದ ನಾನು ಓದತೊಡಗಿದೆ. ಆಪರೇಶನ್ನಿಗೆ ಮುಂಚೆ ಓದಬೇಕಿದ್ದದ್ದನ್ನು. ಪ್ರೊಲ್ಯಾಪ್ಸ್‌ಗೆ, ಎಂದರೆ ಗರ್ಭಕೋಶ ಜಾರುವುದಕ್ಕೆ, ಯೋನಿಯ ಮೂಲಕ ಹಾಕುವ ಸಿಂಥೆಟಿಕ್ ಮೆಶ್‌ನ ಮಾರಾಟವನ್ನು ಕೆಲವು ದೇಶಗಳಲ್ಲಿ ಆಗಲೇ ನಿಲ್ಲಿಸಿದ್ದರು. ಹೆಂಗಸರು ವರ್ಷಗಟ್ಟಲೆ ನೋವು ಎಂದು ಹೇಳಿ, ಟೆನ್ಶನ್ ಎನ್ನಿಸಿಕೊಂಡು, ಕೊನೆಗೆ ಒಟ್ಟಾಗಿ ಬೀದಿಗೆ, ಕೋರ್ಟಿಗೆ ಬಂದ ಮೇಲೆ. ಬಯೋಲಾಜಿಕ್ ಎಂಬುದೂ ದೊಡ್ಡ ಪವಾಡವೇನಲ್ಲ ಎಂಬುದೂ ಅಲ್ಲೇ ಗೊತ್ತಾಯಿತು. ಹಂದಿಯದನ್ನು ಆರಿಸಿದ್ದರೆ ಅಕ್ಕ ಚೆನ್ನಾಗಿರುತ್ತಿದ್ದಳು ಎಂದು ನಾನು ಹೇಳಲಾರೆ. ಎರಡರಲ್ಲಿ ಯಾವುದು ಎಂದು ಸರ್ಜನ್ ಕೇಳಿದಾಗ, ಎರಡೂ ಇಲ್ಲದೆ ಆಗುವುದಿಲ್ಲವಾ ಎಂದು ನಾನು ಕೇಳಬೇಕಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಓದಿದವರಿಬ್ಬರು ಕೂತು ಎರಡು ವಸ್ತುಗಳ ಗುಣ ಚರ್ಚಿಸಿದೆವು. ಅದು ಹೋಗಿ ಕೂರುವ ಮೈ ಯಾರದು ಎಂಬುದು ಚರ್ಚೆಗೆ ಬರಲಿಲ್ಲ.

ಇನರ್ಟ್ ಎಂದಿದ್ದೆ. ನಮ್ಮ ಊರಿನ ಹಿತ್ತಿಲಿನಲ್ಲಿ ಅರಿಶಿನ ತುಂಬುವ ಚೀಲಗಳು ಬಿದ್ದಿವೆ. ಒಂದು ಬೇಸಿಗೆ ಬಿಸಿಲಿಗೆ ಬಿಟ್ಟರೆ ಕೈಯಲ್ಲಿ ಹಿಡಿದ ಕೂಡಲೇ ಚೂರು ಚೂರು ದಾರ. ಅದನ್ನು ನಾನೇ ತರಗತಿಗೆ ತೆಗೆದುಕೊಂಡು ಹೋಗಿ ತೋರಿಸಿದ್ದೇನೆ. ಅದೇ ವಸ್ತು. ಮೈಯೊಳಗೆ ಬಿಸಿಲಿಲ್ಲ, ಅಲ್ಲಿ ಬೇರೆ ರೀತಿ ಇರುತ್ತದೆ, ಇದನ್ನು ಹಾಗೆ ಹೋಲಿಸುವುದು ತಪ್ಪು ಎಂದು ನನಗೆ ಗೊತ್ತು. ಆದರೂ ಹೋಲಿಸುತ್ತೇನೆ. ಸಿಟ್ಟಿಗೆ ಕೆಮಿಸ್ಟ್ರಿ ಬೇಕಾಗಿಲ್ಲ.

ನರ್ಸಿಂಗ್ ಹೋಮಿಗೆ ಹೋಗಿ ಕೇಸ್ ಶೀಟ್ ಕೇಳಿದೆ. ಮೂರು ಸಲ ಅಲೆದಾಡಿಸಿದರು. ಮ್ಯಾನೇಜರ್ ಇಲ್ಲ, ರೆಕಾರ್ಡ್ ರೂಮಿನ ಕೀ ಇಲ್ಲ, ಸರ್ ನೀವು ಓದಿದವರು ಅರ್ಥ ಮಾಡ್ಕೊಳ್ಳಿ. ಆ ಮಾತು ಕೇಳಿದಾಗ ಕೌಂಟರಿನ ಮೇಲೆ ಕೈ ಬಡಿದೆ. ಜನ ನೋಡಿದರು. ಶಿಲ್ಪಾ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಒಂದು ಅರ್ಜಿ ಬರೆದು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಂಡಳು. ಹತ್ತು ದಿನಕ್ಕೆ ನಕಲು ಬಂತು.

ಫಾರ್ಮಿನಲ್ಲಿ ಸರ್ಜನ್ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ಬಯೋಲಾಜಿಕ್ ಬಗ್ಗೆ ಹೇಳಲಾಗಿದೆ, ಧಾರ್ಮಿಕ ಕಾರಣದಿಂದ ಬೇಡ ಎಂದಿದ್ದಾರೆ. ಅದರ ಕೆಳಗೆ ನನ್ನ ಸಹಿ. ಸಹಿಯ ಪಕ್ಕ ತಾರೀಕು, ಸಮಯ. ಸಮಯ ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ. ಪರೀಕ್ಷೆಯ ಇನ್ವಿಜಿಲೇಶನ್ ಮಾಡಿ ಮಾಡಿ ಬಂದ ಚಟ ಅದು. ಎಲ್ಲಿ ಸಹಿ ಹಾಕಿದರೂ ಗಡಿಯಾರ ನೋಡಿ ಗಂಟೆ, ನಿಮಿಷ ಬರೆಯುತ್ತೇನೆ. ಮದುವೆಯ ರಿಜಿಸ್ಟರಿನಲ್ಲೂ ಬರೆದು ಬೈಸಿಕೊಂಡಿದ್ದೇನೆ.

ಆ ಸಾಲನ್ನು ಓದಿ ನನ್ನ ಸಿಟ್ಟಿನ ಕಾಲು ಮುರಿದ ಹಾಗಾಯಿತು. ಸುಳ್ಳು ಏನಿದೆ ಅದರಲ್ಲಿ? ಹೇಳಿದ್ದರು. ಬೇಡ ಎಂದಿದ್ದೆವು. ಎಂದಿದ್ದೆ. ದೂರು ಕೊಡಬೇಕೆಂದು ಬರೆದಿಟ್ಟಿದ್ದ ಕಾಗದ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಮೂರು ಸಲ ಪರೀಕ್ಷೆ ಮಾಡದೆ ಕಳಿಸಿದ್ದಕ್ಕೆ ಅದನ್ನು ಕೊಡಲೇಬೇಕು. ಮೊದಲ ಪುಟವನ್ನು ಮಾತ್ರ ಹೇಗೆ ಬರೆದರೂ ನನ್ನ ಹೆಸರು ಬರುತ್ತದೆ.

ಎರಡನೆಯ ಆಪರೇಶನ್ ಆಗಿ ಈಗ ಎರಡು ತಿಂಗಳು. ಅಕ್ಕನೇ ಡಾಕ್ಟರಿಗೆ ಹೇಳಿದಳು, ಏನೂ ಹಾಕ್ಬೇಡಿ, ಇದ್ದದ್ದರಲ್ಲೇ ಹೊಲೀರಿ ಎಂದು. ಫಾರ್ಮನ್ನು ಶಿಲ್ಪಾಳ ಕೈಯಲ್ಲಿ ಸಾಲುಸಾಲಾಗಿ ಓದಿಸಿ ಕನ್ನಡದಲ್ಲಿ ಹೇಳಿಸಿಕೊಂಡಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಾಲ್ಕು ಗಂಟೆ ಬೇಕಾಯಿತು. ಮುಕ್ಕಾಲು ಭಾಗ ಬಂತು, ಮೂಳೆಯ ಹತ್ತಿರದ್ದನ್ನು ಬಿಟ್ಟಿದ್ದೇವೆ, ಅದು ಅಲ್ಲೇ ಇರುತ್ತದೆ ಎಂದರು ಡಾಕ್ಟರ್. ತೆಗೆದದ್ದನ್ನು ಬಾಟಲಿಯಲ್ಲಿ ತೋರಿಸಿದರು. ಕಾಫಿ ಸೋಸುವ ಬಟ್ಟೆಯ ಅಂಚಿನ ಹಾಗೆ, ಕಂದು ಬಣ್ಣ, ಗಂಟು ಗಂಟು. ಇಷ್ಟೇ.

ನೋವು ಪೂರ್ತಿ ಹೋಗಿಲ್ಲ. ಎಡ ತೊಡೆಯಲ್ಲಿ ಎಳೆತ ಇದೆ, ಹೋಗದೆಯೂ ಇರಬಹುದಂತೆ. ಮತ್ತೆ ಜಾರಬಹುದು ಎಂಬ ಹೆದರಿಕೆಯೂ ಇದೆ. ಆದರೆ ರಕ್ತ ನಿಂತಿದೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಹತ್ತು ನಿಮಿಷ ಕೂರುತ್ತಾಳೆ. ಪಾತ್ರೆ ಎತ್ತುವುದನ್ನು ಬೇರೆಯವಳು ಮಾಡುತ್ತಾಳೆ, ಅಕ್ಕ ಅಕ್ಕಿ ಆರಿಸುತ್ತಾಳೆ, ಮೊಟ್ಟೆ ಬೇಯಿಸುತ್ತಾಳೆ. ಭಾವ ವಾರಕ್ಕೊಮ್ಮೆ ಬರುತ್ತಾರೆ. ಬಂದವರು ಅವಳಿಗೆ ಬಿಸಿನೀರು ಕಾಯಿಸಿ ಕೊಡುತ್ತಾರೆ, ಅದಕ್ಕೆ ಅವಳು ಬೈಯುತ್ತಾಳೆ. ಇಷ್ಟಕ್ಕೆ ಕೃತಜ್ಞನಾಗಿರಬೇಕು. ಆಗಿದ್ದೇನೆ ಎಂದೇ ಅಂದುಕೊಳ್ಳುತ್ತೇನೆ. ಸಿಟ್ಟು ಅದರ ಪಕ್ಕದಲ್ಲೇ ಕೂತಿದೆ, ಎದ್ದು ಹೋಗುತ್ತಿಲ್ಲ.

ಕಳೆದ ಭಾನುವಾರ ಮತ್ತೆ ಆ ಮಾತು ಬಂತು. ನಾನೇ ಎತ್ತಿದೆ. ನೀನು ಆ ಸ್ಟೂಲಿನ ಮೇಲೆ ಕೂತಿದ್ದೆ ಅಕ್ಕ, ಹಸಿರು ಬಳೆ ಹಾಕಿದ್ದೆ, ನನಗೆ ಚೆನ್ನಾಗಿ ನೆನಪಿದೆ ಎಂದೆ. ಶಿಲ್ಪಾ ಅಕ್ಕಿ ಕೇರುತ್ತಿದ್ದ ಮೊರವನ್ನು ನಿಲ್ಲಿಸಿದಳು. ಇಲ್ಲ ಮಾವ, ಅವ್ವ ಅಲ್ಲಿರಲಿಲ್ಲ, ಎದುರಿನ ಸ್ಕ್ಯಾನ್ ರೂಮಿನಲ್ಲಿದ್ದಳು, ನಾನು ಜೊತೆಗಿದ್ದೆ ಎಂದಳು. ಸ್ಕ್ಯಾನ್ ಅದಕ್ಕೆ ಮುಂಚೆ ಆಗಿತ್ತು ಎಂದೆ. ಅವಳು ಇಲ್ಲ ಎಂದಳು. ನನ್ನ ದನಿ ಏರಿತು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನು ಕಂಡಳೋ.

"ಇದ್ರೂ ಇದ್ದಿರ್ಬೋದು ಬುಡು. ಆಡ್ಸಿರ್ಬೋದು ತಲಿಯ. ಊಟ ಮಾಡು."

ನನ್ನನ್ನು ಎತ್ತಿ ಆಡಿಸುತ್ತಿದ್ದಾಗಿನ ದನಿ ಅದು. ಬಿದ್ದು ಮೊಣಕಾಲು ತರಚಿಕೊಂಡರೆ ನೆಲಕ್ಕೆ ಎರಡೇಟು ಹೊಡೆದು ಸಮಾಧಾನ ಮಾಡುತ್ತಿದ್ದಳಲ್ಲ, ಹಾಗೆ. ತನ್ನ ಮೈಗೆ ಆದದ್ದನ್ನು ನನಗಾಗಿ ಒಪ್ಪಿಕೊಳ್ಳಲು ತಯಾರಿದ್ದಳು. ನಾನು ಉಣ್ಣಲಿಲ್ಲ. ಶಿಲ್ಪಾಳಿಂದ ಹಳೆಯ ಪೇಪರುಗಳ ಪ್ಲಾಸ್ಟಿಕ್ ಕವರ್ ತೆಗೆಸಿಕೊಂಡು ಚಾಮರಾಜನಗರಕ್ಕೆ ಬಂದೆ.

ಸ್ಕ್ಯಾನ್ ಚಿತ್ರಗಳು ಉಷ್ಣಕ್ಕೆ ಕಪ್ಪಾಗುವ ತೆಳು ಕಾಗದದಲ್ಲಿದ್ದವು. ಮಾಸಿದ್ದವು, ಆದರೆ ಮೇಲಿನ ಅಂಚಿನ ಅಂಕಿಗಳು ಓದಲು ಸಿಗುತ್ತಿದ್ದವು. ಆರು ಚಿತ್ರ. ಮೂತ್ರಚೀಲ ತುಂಬಿದ್ದಾಗಿನವು ಮೂರು, ಖಾಲಿ ಮಾಡಿದ ಮೇಲಿನವು ಮೂರು. ತಾರೀಕು ಅದೇ ಗುರುವಾರದ್ದು. ಮೊದಲ ಚಿತ್ರ 11:29ಕ್ಕೆ. ಕೊನೆಯದು 11:47ಕ್ಕೆ. ಯಂತ್ರದ ಗಡಿಯಾರ ತಪ್ಪಿರಬಹುದು ಎಂದು ಸೋಮವಾರ ಕಾಲೇಜು ಮುಗಿಸಿ ನರ್ಸಿಂಗ್ ಹೋಮಿನ ಸ್ಕ್ಯಾನ್ ರೂಮಿಗೆ ಹೋದೆ. ಯಂತ್ರ ಅದೇ, ಟೆಕ್ನಿಶಿಯನ್ ಅದೇ ಹೆಣ್ಣುಮಗಳು. ಸಮಯವನ್ನು ಯಾರೂ ಮುಟ್ಟುವುದಿಲ್ಲ ಸರ್ ಎಂದಳು. ನನ್ನ ಫೋನಿಗೆ ಹೋಲಿಸಿದೆ. ಎರಡು ನಿಮಿಷ ಮುಂದಿತ್ತು. ಆ ಎರಡು ನಿಮಿಷ ಕಳೆದೂ ಲೆಕ್ಕ ಹಾಕಿದೆ. ಅಲ್ಲಿಂದ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಕನ್ಸೆಂಟ್ ಫಾರ್ಮಿನ ನಕಲನ್ನು ಬಿಚ್ಚಿದೆ.

ನನ್ನ ಸಹಿಯ ಪಕ್ಕ, ನನ್ನದೇ ಕೈಬರಹದಲ್ಲಿ, 11:38 ಎಂದಿದೆ. ನಾನು ಸಹಿ ಮಾಡುವಾಗ ಅಕ್ಕ ಆ ಕೋಣೆಯಲ್ಲಿ ಇರಲಿಲ್ಲ.